ಅಡಿಕೆ ಹಾಳೆಯ ನಿಲುದೀಪ ಎರಡು ಮಳೆಗಾಲ ದಾಟಿತು

ಅಡಿಕೆ ಸೋಗೆಯ ಬುಡದ ಹಾಳೆಯಲ್ಲಿ ಮಾಡಿದ ದೀಪ ಪುತ್ತೂರಿನ ಮಳೆಗೆ ತಡೆಯುವುದಿಲ್ಲ ಎಂದವರೇ ಜಾಸ್ತಿ. ಬೆಂಗಳೂರಿನ ಒಬ್ಬ ಅಂಗಡಿಯವರಂತೂ ಫೋಟೋ ನೋಡಿ, "ಹಾಳೆ ತಟ್ಟೆಗೆ ಸರಿ, ಹಾಲ್‌ನಲ್ಲಿ ಇಡೋಕಲ್ಲ" ಎಂದುಬಿಟ್ಟರು. ನಮ್ಮ ಜಗಲಿಯ ದೀಪ ಈಗ ಎರಡು ಮಳೆಗಾಲ ದಾಟಿದೆ. ಬೂಷ್ಟಿಲ್ಲ, ಬಿರುಕಿಲ್ಲ.

ಆಕಾರ ಹಿಂಗಾರದ್ದು, ಅಂದರೆ ಅಡಿಕೆಯ ಹೂಗೊಂಚಲಿನದ್ದು. ಹಾಳೆ ಕಳಚಿ ಬಿದ್ದ ಮೇಲೆ ಹಿಂಗಾರದ ಕವಚ ಉದ್ದಕ್ಕೆ ಸೀಳುತ್ತದಲ್ವಾ, ಒಳಗಿನ ತಿಳಿ ಗೊಂಚಲು ಇಣುಕುತ್ತದಲ್ವಾ, ಆ ಹೊತ್ತಿನ ರೂಪ. ಎತ್ತರ ಹತ್ತಿರ ಹತ್ತಿರ ನಾಲ್ಕೂವರೆ ಅಡಿ. ಐದು ಹಾಳೆ, ಮುಂದೆ ಒಂದು ಸೀಳು, ಬೆಳಕು ಅಲ್ಲಿಂದ.

ಮೊದಲು ಬಿಸಿಲಿಗೆ ಒಣಗಿಸಿದ ಹಾಳೆಗಳೆಲ್ಲ ಸುರುಳಿ ಸುತ್ತಿ ನಾರಿನ ಗುಂಟ ಬಿರಿದವು. ಆಮೇಲೆ ಎಣ್ಣೆ ವಾರ್ನಿಷ್ ಹೊಡೆದದ್ದು ಒಳಗಿನ ತೇವವನ್ನು ಅಲ್ಲೇ ಕಟ್ಟಿಹಾಕಿತು. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಯ ಹೊತ್ತಿಗೆ, ಮೈತುಂಬಾ ಕಪ್ಪು ಚುಕ್ಕೆ. ತಟ್ಟೆ ಮಾಡುವ ಯಂತ್ರದಲ್ಲಿ ಒತ್ತಿಸಿಯೂ ನೋಡಿದೆ. ಗಟ್ಟಿಯಾಯಿತು, ಆದರೆ ಬೆಳಕೇ ಹಾಯಲಿಲ್ಲ. ನನ್ನ ಅಳತೆಗೆ ಬೇರೆ ಅಚ್ಚು ಬೇಕೆಂದರೆ ನಲವತ್ತು ಸಾವಿರ ಕೇಳಿದರು. ಅಲ್ಲಿಗೆ ಬಿಟ್ಟೆ. ಒಂದೂ ಮಾರುವ ಮೊದಲೇ ಹದಿನೈದು ಸಾವಿರದಷ್ಟು ಹೋಗಿತ್ತು.

ದಾರಿ ತೋರಿಸಿದ್ದು ಮುಟ್ಟಾಳೆ, ಅಂದರೆ ಹಾಳೆಯ ಟೋಪಿ. ಹಾಳೆಯನ್ನು ರಾತ್ರಿಯಿಡೀ ನೆನೆಸಿ, ಹೊರಗಿನ ಒರಟು ಪದರವನ್ನು ಬುಡದಿಂದ ಸುಲಿಯುತ್ತಾ ಬಂದರೆ ಅರ್ಧ ದಪ್ಪ ಉಳಿಯುತ್ತದೆ. ದೀಪ ಹಚ್ಚಿದಾಗ ಉದ್ದುದ್ದ ನಾರುಗಳು ಒಂದೊಂದೂ ಎದ್ದು ಕಾಣುತ್ತವೆ. ಅಂಚಿನ ಕಂದು ಭಾಗ ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಚೆಂದದ ಬೆಳಕನ್ನು ನಾನು ಯಾವ ಬಟ್ಟೆಯ ಶೇಡ್‌ನಲ್ಲೂ ಕಂಡಿಲ್ಲ.

ಸುಲಿದ ಮೇಲೆ, ಹುಳ ಬೂಷ್ಟು ಹಿಡಿಯದಂತೆ ಬಿದಿರಿಗೆ ಮಾಡುವ ಹಾಗೆಯೇ, ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಅದ್ದುತ್ತೇನೆ. ಕೊನೆಯ ನೀರಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ತೋಟದಲ್ಲೇ ಸಿಗುವಂಥದ್ದು, ಹೆಸರು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹಸಿ ಇರುವಾಗಲೇ ಪಿವಿಸಿ ಪೈಪಿಗೆ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ಅಟ್ಟಕ್ಕೆ ಹಾಕುತ್ತೇನೆ. ನೆರಳಲ್ಲಿ ಹತ್ತು ಹನ್ನೆರಡು ದಿನ. ಅವಸರ ಮಾಡಿದರೆ ಅಂಚು ಹೊರಳುತ್ತದೆ.

ಬಲ್ಬ್ ಏಳು ವಾಟ್‌ನ ಎಲ್‌ಇಡಿ, 2700 ಕೆಲ್ವಿನ್, ಅಂದರೆ ಹಳದಿ ಬೆಳಕಿನದ್ದು. 6500ರ ಬಿಳಿ ಬೆಳಕಿನದ್ದು ಹಾಕಿದರೆ ಹಾಳೆಗೆ ಜೀವವೇ ಇರುವುದಿಲ್ಲ. ಹಳೇ ಅರವತ್ತು ವಾಟ್ ಬಲ್ಬಿನ ಶಾಖಕ್ಕೆ ಹತ್ತಿರದ ಹಾಳೆ ಕಂದಿತು. ಮೇಲೆ ಕೆಳಗೆ ಎರಡೂ ಕಡೆ ಬಾಯಿ ತೆರೆದಿಡಿ. ಇದು ಬಹಳ ಮುಖ್ಯ. ಬಲ್ಬಿನ ಚೂರು ಬಿಸಿಗೆ ಗಾಳಿ ಮೇಲೇರುತ್ತದೆ, ಒಳಗೆ ತೇವ ನಿಲ್ಲುವುದಿಲ್ಲ. ದಿನಾ ಸಂಜೆ ಉರಿಸಿದ ದೀಪಕ್ಕೆ ಬೂಷ್ಟು ಬರಲೇ ಇಲ್ಲ. ಅದೇ ಬ್ಯಾಚಿನದ್ದೊಂದು ಪ್ಲಾಸ್ಟಿಕ್ ಸುತ್ತಿ ಕೋಣೆಯಲ್ಲಿತ್ತು, ಜುಲೈಯಲ್ಲೇ ಕೆಟ್ಟಿತು.

ದೀಪದ ಕಾಲಿಗೆ ಲಂಟಾನ ಎಂಬ ಕಾಡು ಕಳೆಯ ಕಡ್ಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಲ್ಲಿ ಕುರ್ಚಿ, ಸೋಫಾ ಎಲ್ಲಾ ಮಾಡುತ್ತಾರೆ. ಬೆತ್ತಕ್ಕೆ ಕೊಡುವ ದುಡ್ಡು ಉಳಿಯಿತು, ಕಾಡಿಗೆ ಕಳೆಯೂ ಕಡಿಮೆಯಾಯಿತು. ಕುದಿಸಿ, ತೊಗಟೆ ಬಿಡಿಸಿ, ಬಿಸಿ ಆರುವ ಮೊದಲು ಬಗ್ಗಿಸಬೇಕು. ದೀಪದ ಬುಡಕ್ಕೆ ಬೀಸುಕಲ್ಲಿನ ಮೇಲಿನ ಹೋಳು. ಧಾನ್ಯ ಹಾಕುವ ತೂತಿನಲ್ಲೇ ವೈರ್ ಇಳಿಯುತ್ತದೆ, ಮಕ್ಕಳು ತಾಗಿದರೂ ದೀಪ ಉರುಳುವುದಿಲ್ಲ. ಗುಜರಿಯಲ್ಲಿ ಮುನ್ನೂರು ರೂಪಾಯಿಗೆ ಸಿಕ್ಕಿತು.

ನಡುವೆ ಸುಮ್ನೆ ಕೆಲವು ಪ್ರಯೋಗ. ಒಣಗಿದ ಹಿಂಗಾರವನ್ನೇ ಒಳಗೆ ಕಟ್ಟಿದೆ, ವಾರದಲ್ಲಿ ಉದುರಿತು. ಅರಿಶಿನದ ಬಣ್ಣ ಬೆಳಕಿಗೆ ಮಾಸಿತು. ಅರಳಿ ಎಲೆಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿ ಜಾಲರಿ ಮಾಡಿ ಅಂಟಿಸಿದ್ದು ತುಂಬಾ ಚೆನ್ನಾಗಿ ಬಂದಿದೆ. ಚಿಕ್ಕ ಮೇಜು ದೀಪಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ.

ಈಗ ಒಂದಕ್ಕೆ ಸಾಮಾನಿನ ಖರ್ಚು ಸಾವಿರದ ಇನ್ನೂರರ ಆಸುಪಾಸು. 4,800ಕ್ಕೆ ಕೊಡುತ್ತೇನೆ, ಡಜನ್ ಹತ್ತಿರ ಹೋಗಿವೆ. ಪಾರ್ಸೆಲ್‌ನಲ್ಲಿ ಒಂದು ನಜ್ಜುಗುಜ್ಜಾದ ಮೇಲೆ ಹಾಳೆಗಳನ್ನು ಬಿಚ್ಚಿ, ಒಂದರೊಳಗೊಂದು ಇಟ್ಟು ಕಳಿಸುತ್ತಿದ್ದೇನೆ. ಕಲ್ಲನ್ನು ಕಳಿಸುವುದಿಲ್ಲ, ಅವರವರ ಊರಲ್ಲೇ ಹುಡುಕಿಕೊಳ್ಳಲಿ.

ಮಾಡುವವರು ಜನವರಿಯಿಂದ ಹಾಳೆ ಕೂಡಿಡಿ. ಬಿದ್ದ ದಿನವೇ ಎತ್ತಬೇಕು. ಎರಡು ರಾತ್ರಿ ಇಬ್ಬನಿ ಕುಡಿದ ಹಾಳೆ ತಟ್ಟೆಗೆ ಆದೀತು, ದೀಪಕ್ಕೆ ಆಗುವುದಿಲ್ಲ.