ಶಿಕಾಗೊಗೆ ಹೊರಟ ಹಾಸನದವರಿಗೆ: ಪೇಟೆಯ ನಡುವೆ ಮನೆಯೋ, ಊರ ಹೊರಗೋ?

ಹಾಸನದಲ್ಲಿ ಶಿಕಾಗೊ ಎಂದರೆ ಹಿರಿಯರಿಗೆ ವಿವೇಕಾನಂದರು, ಕಿರಿಯರಿಗೆ ಬಂದೂಕು. ಪ್ರತಿ ವರ್ಷ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ನಾನು ಊರಿಗೆ ಬರುತ್ತೇನೆ. ಬಂದ ಎರಡನೆಯ ದಿನಕ್ಕೆಲ್ಲ ವಿದ್ಯಾನಗರದ ನಮ್ಮ ತಾಯಿಯ ಮನೆಯ ವರಾಂಡದಲ್ಲಿ ಯಾರಾದರೂ ಗಂಡ ಹೆಂಡತಿ ಕುಳಿತಿರುತ್ತಾರೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಒಂದಷ್ಟು ವರ್ಷ ದುಡಿದವರು. ಕೈಯಲ್ಲಿ ವೀಸಾ, ಮಡಿಲಲ್ಲಿ ಮಗು, ಮೊಬೈಲಿನಲ್ಲಿ ನೆಂಟರು ಕಳಿಸಿದ ಗುಂಡಿನ ದಾಳಿಯ ವಿಡಿಯೊ. ಕೇಳುವುದು ಒಂದೇ: "ಅಕ್ಕ, ಡೌನ್‌ಟೌನಿನಲ್ಲಿ ಮನೆ ಮಾಡಬಹುದೇ, ಇಲ್ಲ ಸಬರ್ಬಿಗೆ ಹೋಗಬೇಕೇ? ಕೊಲೆ, ಸುಲಿಗೆ ಎನ್ನುತ್ತಾರೆ. ಮಗುವಿನ ಶಾಲೆ ಬೇರೆ."

ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈ ಸಲ ಬರೆದೇ ಇಟ್ಟಿದ್ದೇನೆ. ನಾನು ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ಮೊದಲ ನಾಲ್ಕು ವರ್ಷ ನಗರದ ಉತ್ತರ ಭಾಗದಲ್ಲಿ, ನಮ್ಮವರ ದಿನಸಿ ಅಂಗಡಿಗಳಿರುವ ಡೆವೊನ್ ಬೀದಿಯ ಬಳಿ ಇದ್ದೆವು. ಆಮೇಲೆ ನೇಪರ್‌ವಿಲ್ ಎಂಬ ಉಪನಗರ. ಎರಡೂ ಕಡೆಯ ಒಳಿತು ಕೆಡುಕು ಉಂಡವಳು ಎಂದು ತಿಳಿದು ಓದಿ.

ಮೊದಲು ದೂರದ ಲೆಕ್ಕ. ಡೌನ್‌ಟೌನಿನ ನಡುಭಾಗವನ್ನು ಲೂಪ್ ಎನ್ನುತ್ತಾರೆ. 1893ರಲ್ಲಿ ವಿವೇಕಾನಂದರು ಮಾತನಾಡಿದ ಕಟ್ಟಡ ಅಲ್ಲಿಯೇ ಇದೆ, ಈಗ ಅದು ಕಲಾ ಸಂಗ್ರಹಾಲಯ. ಅಲ್ಲಿಂದ ನೇಪರ್‌ವಿಲ್ ಎಂದರೆ ಹಾಸನದಿಂದ ಅರಸೀಕೆರೆಗೆ ಹೋದಷ್ಟು ದೂರ. ಮೆಟ್ರಾ ಎಂಬ ಲೋಕಲ್ ರೈಲು ಡೌನ್‌ಟೌನಿನ ಯೂನಿಯನ್ ಸ್ಟೇಷನ್‌ವರೆಗೆ ಕರೆದೊಯ್ಯುತ್ತದೆ. ನಡುವೆ ನಿಲ್ಲದ ರೈಲಾದರೆ ಬೇಗ ತಲುಪಬಹುದು, ಎಲ್ಲ ಕಡೆ ನಿಲ್ಲುವುದಾದರೆ ಒಂದು ನಿದ್ದೆ ತೆಗೆಯಬಹುದು.

ಈಗ ಬಂದೂಕಿನ ವಿಷಯ. ನೆಂಟರು ಕಳಿಸುವ ವಿಡಿಯೊ ಸುಳ್ಳಲ್ಲ. 2021ರಲ್ಲಿ ಶಿಕಾಗೊದಲ್ಲಿ ಸುಮಾರು 800 ಕೊಲೆಗಳಾದವು. 2024ರ ಹೊತ್ತಿಗೆ ಅದು 600ಕ್ಕಿಂತ ಕೆಳಗಿಳಿಯಿತು. ಇಳಿದರೂ ದೊಡ್ಡ ಸಂಖ್ಯೆಯೇ. ಆದರೆ ಸುಮಾರು 27 ಲಕ್ಷ ಜನರಿರುವ, 77 ಪ್ರದೇಶಗಳಾಗಿ ಹಂಚಿಹೋಗಿರುವ ಊರು ಅದು. ಗುಂಡಿನ ಪ್ರಕರಣಗಳಲ್ಲಿ ಬಹುಪಾಲು ಪಶ್ಚಿಮ ಮತ್ತು ದಕ್ಷಿಣ ಭಾಗದ ಕೆಲವೇ ಬಡ ಬಡಾವಣೆಗಳಲ್ಲಿ ನಡೆಯುತ್ತವೆ. ಅಲ್ಲಿ ಸಾಯುವವರೂ ಅಲ್ಲಿನವರೇ. ದಶಕಗಳ ಕಾಲ ಬ್ಯಾಂಕುಗಳು ಸಾಲ ಕೊಡದೆ, ಕಾರ್ಖಾನೆಗಳು ಮುಚ್ಚಿ ಸೊರಗಿದ ಬೀದಿಗಳು ಅವು. "ಕರಿಯರಿರುವ ಕಡೆ ಹೋಗಬೇಡಿ" ಎಂದು ನಿಮಗೆ ಮೊದಲ ವಾರವೇ ಬುದ್ಧಿ ಹೇಳುವ ನಮ್ಮವರು ಸಿಗುತ್ತಾರೆ. ಊರಿನಲ್ಲಿ ಜಾತಿ ಕೇಳಿ ಮನೆ ಬಾಡಿಗೆಗೆ ಕೊಡುವವರ ಬಾಯಿಯೇ ಅಲ್ಲಿ ಈ ಮಾತನ್ನು ಆಡುವುದು. ಕಿವಿಗೊಡಬೇಡಿ. ಚರ್ಮದ ಬಣ್ಣ ನೋಡಿ ಬೀದಿ ಆರಿಸುವವರಿಗೆ ಬೀದಿಯ ವಿಷಯ ಏನೂ ತಿಳಿಯುವುದಿಲ್ಲ.

ಬೀದಿಯ ವಿಷಯ ತಿಳಿಯಲು ಬೇರೆ ದಾರಿಯಿದೆ. ಶಿಕಾಗೊ ನಗರಾಡಳಿತ 2001ರಿಂದ ಈಚಿನ ಅಪರಾಧ ಪ್ರಕರಣಗಳ ಮಾಹಿತಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ನೀವು ನೋಡಿದ ಮನೆಯ ಸುತ್ತ ನಾಲ್ಕು ಬೀದಿಯಲ್ಲಿ ಕಳೆದ ವರ್ಷ ಏನೇನಾಯಿತು ಎಂದು ನಕ್ಷೆಯ ಮೇಲೆ ಕಾಣುತ್ತದೆ. ಆದರೆ ಓದುವಾಗ ಒಂದು ಎಚ್ಚರ. ಸಾವಿರ ಜನಕ್ಕೆ ಇಷ್ಟು ಅಪರಾಧ ಎಂದು ಕೊಡುವ ದರವನ್ನು ಡೌನ್‌ಟೌನಿಗೆ ಹಾಗೆಯೇ ಒಪ್ಪಬೇಡಿ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಗುಡಿಯ ಸುತ್ತ ನಡೆಯುವ ಜೇಬುಗಳ್ಳತನವನ್ನೆಲ್ಲ ಲೆಕ್ಕ ಹಾಕಿ, ಆ ಬೀದಿಯಲ್ಲಿ ವಾಸವಿರುವ ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಏನಾಗುತ್ತದೆ? ಅಲ್ಲಿ ಸಂಸಾರ ಮಾಡುವುದೇ ಸಾಧ್ಯವಿಲ್ಲ ಎಂದಾಗುತ್ತದೆ. ಲೂಪ್ ಕೂಡ ಹಾಗೆಯೇ. ವಾಸವಿರುವವರು ಹತ್ತಾರು ಸಾವಿರ, ಹಗಲು ಬಂದು ಹೋಗುವವರು ಲಕ್ಷಗಟ್ಟಲೆ. ಆದ್ದರಿಂದ ದರವನ್ನು ಬಿಟ್ಟು ಬಗೆಯನ್ನು ನೋಡಿ. ಅಂಗಡಿಯಲ್ಲಿ ಕದ್ದದ್ದು, ಕಾರಿನ ಗಾಜು ಒಡೆದದ್ದು ಒಂದು ಲೆಕ್ಕ. ದಾರಿಯಲ್ಲಿ ಬಂದೂಕು ತೋರಿಸಿ ದೋಚಿದ್ದು ಇನ್ನೊಂದು ಲೆಕ್ಕ. ಎರಡನೆಯದು ನಿಮ್ಮ ಬೀದಿಯಲ್ಲಿ ಮತ್ತೆ ಮತ್ತೆ ಕಂಡರೆ ಆ ಮನೆ ಬೇಡ.

ನಮಗೆ ಆದದ್ದು ಮೊದಲ ಬಗೆಯದು. ಡೆವೊನ್ ಬಳಿಯ ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನ ಗಾಜು ಒಡೆದು, ಹಿಂದಿನ ಸೀಟಿನಲ್ಲಿದ್ದ ಚೀಲವನ್ನು ಯಾರೋ ಒಯ್ದರು. ಅದರಲ್ಲಿದ್ದದ್ದು ರಾಗಿ ಹಿಟ್ಟು. ಕಳ್ಳ ಅದನ್ನು ಬಿಚ್ಚಿ ನೋಡಿದಾಗಿನ ಮುಖವನ್ನು ನೆನೆದು ನಾವು ಗಾಜಿನ ಖರ್ಚನ್ನು ಮರೆತೆವು. ಉಪನಗರದಲ್ಲಿ ನಡೆದದ್ದು ನಗುವಂಥದ್ದಲ್ಲ. ನಮ್ಮ ಹಿಂದಿನ ಬೀದಿಯ ಕನ್ನಡದ ಮನೆಯೊಂದರಲ್ಲಿ, ಎಲ್ಲರೂ ದೀಪಾವಳಿಯ ಕೂಟಕ್ಕೆ ಹೋಗಿದ್ದಾಗ ಹಿಂಬಾಗಿಲಿನಿಂದ ನುಗ್ಗಿ ತಾಯಿಯ ಕಾಲದ ಅವಲಕ್ಕಿ ಸರವೂ ಸೇರಿ ಇದ್ದ ಚಿನ್ನವನ್ನೆಲ್ಲ ಬಳಿದುಕೊಂಡು ಹೋದರು. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆ ಎಂಬುದು ಅಲ್ಲಿನ ಕಳ್ಳರಿಗೂ ಗೊತ್ತು. ಉಪನಗರ ಎಂದರೆ ಕಳ್ಳತನವಿಲ್ಲ ಎಂದಲ್ಲ, ನೋಡುವ ಕಣ್ಣುಗಳಿಲ್ಲ ಎಂದು. ಹಾಸನದ ಬೀದಿಯಲ್ಲಿ ಅಪರಿಚಿತ ಬಂದರೆ ಎದುರು ಮನೆಯ ಅಜ್ಜಿ "ಯಾರು ಬೇಕಿತ್ತು?" ಎನ್ನುತ್ತಾರೆ. ನೇಪರ್‌ವಿಲ್‌ನಲ್ಲಿ ಆ ಅಜ್ಜಿಯ ಕೆಲಸಕ್ಕೆ ಬಾಗಿಲಿನ ಕ್ಯಾಮೆರಾ ಇದೆ, ಅದು ಕೇಳುವುದಿಲ್ಲ, ನೋಡುತ್ತದೆ ಅಷ್ಟೆ. ಚಿನ್ನವನ್ನು ಹಾಸನದ ಬ್ಯಾಂಕ್ ಲಾಕರಿನಲ್ಲಿಯೇ ಇಟ್ಟು ಹೋಗಿ.

ಮನೆ ತೋರಿಸುವ ಏಜೆಂಟರನ್ನು "ಈ ಬೀದಿ ಸುರಕ್ಷಿತವೇ? ಇಲ್ಲಿ ಎಂಥ ಜನ ಇದ್ದಾರೆ?" ಎಂದು ಕೇಳಿದರೆ ಅವರು ನಕ್ಕು ಮಾತು ತಿರುಗಿಸುತ್ತಾರೆ. ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾವು ಮೊದಲ ಸಲ ಸಂಶಯಪಟ್ಟಿದ್ದೆವು. ವಿಷಯ ಬೇರೆ. 1968ರ ವಸತಿ ಕಾನೂನಿನ ಪ್ರಕಾರ ಜನಾಂಗ, ಧರ್ಮ ಇತ್ಯಾದಿ ನೋಡಿ ಒಂದು ಬಡಾವಣೆಯತ್ತ ತಳ್ಳುವುದು, ಇನ್ನೊಂದರಿಂದ ತಪ್ಪಿಸುವುದು ಕಾನೂನುಬಾಹಿರ. ಆ ಭಯದಿಂದ ಅವರು ಸುರಕ್ಷತೆ, ಶಾಲೆಗಳ ಬಗ್ಗೆ ಅಭಿಪ್ರಾಯ ಹೇಳುವುದನ್ನೇ ಬಿಡುತ್ತಾರೆ. ನೀವೇ ಹೋಗಿ ನೋಡಬೇಕು. ಶನಿವಾರ ಮಧ್ಯಾಹ್ನವಲ್ಲ, ಕೆಲಸದ ದಿನ ರಾತ್ರಿ ಒಂಬತ್ತಕ್ಕೆ ಸ್ಟೇಷನ್ನಿನಿಂದ ಮನೆಯವರೆಗೆ ನಡೆದು ನೋಡಿ. ದೀಪ ಉರಿಯುತ್ತಿದೆಯೇ, ನಾಯಿ ಹಿಡಿದುಕೊಂಡು ಹೆಂಗಸರು ಓಡಾಡುತ್ತಿದ್ದಾರೆಯೇ? ನನಗೆ ಅಷ್ಟು ಸಾಕು.

ಶಾಲೆಯ ವಿಷಯಕ್ಕೆ ಬಂದರೆ ನಮ್ಮ ತಲೆಯಲ್ಲಿರುವ ಲೆಕ್ಕವನ್ನೇ ಮೊದಲು ಅಳಿಸಬೇಕು. ಹಾಸನದಲ್ಲಿ ನೀವು ಸಾಲಗಾಮೆ ರಸ್ತೆಯಲ್ಲಿದ್ದರೂ ಬಿ.ಎಂ. ರಸ್ತೆಯ ಆಚೆಯಿದ್ದರೂ ಶುಲ್ಕ ಕಟ್ಟಿದರೆ ಬೇಕಾದ ಶಾಲೆಯ ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ಅಮೆರಿಕದ ಸರ್ಕಾರಿ ಶಾಲೆಯಲ್ಲಿ ವಿಳಾಸವೇ ಶುಲ್ಕ. ಪ್ರತಿ ಮನೆಯೂ ಒಂದು ಶಾಲಾ ಜಿಲ್ಲೆಗೆ, ಆ ಜಿಲ್ಲೆಯಲ್ಲಿ ಒಂದು ನಿರ್ದಿಷ್ಟ ಶಾಲೆಗೆ ಸೇರಿರುತ್ತದೆ. ಶಾಲೆಯ ಹಣದಲ್ಲಿ ದೊಡ್ಡ ಪಾಲು ಆ ಜಿಲ್ಲೆಯ ಮನೆಗಳ ಆಸ್ತಿ ತೆರಿಗೆಯಿಂದ ಬರುತ್ತದೆ. ಇಡೀ ಅಮೆರಿಕದಲ್ಲಿ ಆಸ್ತಿ ತೆರಿಗೆಯ ದರ ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಶಿಕಾಗೊ ಇರುವ ಇಲಿನಾಯ್ ಒಂದು. ಮನೆ ಕೊಂಡವರು ಅದನ್ನು ನೇರವಾಗಿ ಕಟ್ಟುತ್ತಾರೆ, ಬಾಡಿಗೆಯವರು ಬಾಡಿಗೆಯೊಳಗೆ ಕಟ್ಟುತ್ತಾರೆ.

ಆದ್ದರಿಂದಲೇ ಹೊಸಬರಿಗೆ ನಾನು ಹೇಳುವ ಮಾತು: ಮನೆ ಕೊಳ್ಳುವ ಆತುರ ಬೇಡ. ಒಳ್ಳೆಯ ಜಿಲ್ಲೆಯೊಳಗಿನ ಎರಡು ಕೋಣೆಯ ಬಾಡಿಗೆ ಮನೆಯ ಮಗುವಿಗೂ, ಅದೇ ಬೀದಿಯ ಬಂಗಲೆಯ ಮಗುವಿಗೂ ಶಾಲೆಯ ಬಾಗಿಲು ಒಂದೇ. ಬಾಡಿಗೆ ಕರಾರು ಪತ್ರ, ವಿದ್ಯುತ್ ಬಿಲ್ಲು ತೋರಿಸಿದರೆ ದಾಖಲಾತಿ ಆಗುತ್ತದೆ. ನೇಪರ್‌ವಿಲ್ ಹೆಸರಿಗೆ ಮರುಳಾಗಿ ದುಬಾರಿ ಬಾಡಿಗೆ ಕೊಡಬೇಕಾಗಿಯೂ ಇಲ್ಲ. ಆ ಊರಿನ ಮನೆಗಳು ಮುಖ್ಯವಾಗಿ 203 ಮತ್ತು 204 ಎಂಬ ಎರಡು ಜಿಲ್ಲೆಗಳಿಗೆ ಸೇರಿವೆ. 204ರ ಗಡಿ ಪಕ್ಕದ ಅರೋರಾ ಊರಿನೊಳಗೂ ಚಾಚಿದೆ. ಆ ಜಿಲ್ಲೆಯ ಮೂರು ಹೈಸ್ಕೂಲುಗಳಲ್ಲಿ ಎರಡು ಇರುವುದೇ ಅರೋರಾದಲ್ಲಿ. ತಿರುಗಾ ಮುರುಗಾ ಆಗುವುದೂ ಉಂಟು. ಪರಿಚಿತರೊಬ್ಬರು ನೇಪರ್‌ವಿಲ್ ಎಂದು ಬರೆದ ವಿಳಾಸವನ್ನು ನಂಬಿ ಸಹಿ ಹಾಕಿದರು. ಮನೆ ಊರಂಚಿನಲ್ಲಿದ್ದು ಮೂರನೆಯದೊಂದು ಜಿಲ್ಲೆಗೆ ಸೇರಿತ್ತು. ಸಹಿ ಹಾಕುವ ಮುನ್ನ ಜಿಲ್ಲೆಯ ಜಾಲತಾಣದಲ್ಲಿ ಮನೆ ಸಂಖ್ಯೆ ಸಮೇತ ವಿಳಾಸ ಹಾಕಿ ನೋಡಿ.

ಮನೆ ಹುಡುಕುವ ತಾಣಗಳಲ್ಲಿ ಶಾಲೆಗಳ ಪಕ್ಕ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿರುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹಾಸನ ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂದು ಕಾದು ಕೂರುವ ನಮಗೆ ಅಂಕ ಕಂಡರೆ ಪ್ರಾಣ. ಆದರೆ ಆ ಅಂಕ ಬಹುಮಟ್ಟಿಗೆ ಪರೀಕ್ಷೆಯ ಫಲಿತಾಂಶದ ಮೇಲೆ ನಿಂತಿದೆ, ಪರೀಕ್ಷೆಯ ಫಲಿತಾಂಶ ಬಹುಮಟ್ಟಿಗೆ ಹೆತ್ತವರ ಸಂಪಾದನೆಯ ಮೇಲೆ ನಿಂತಿದೆ. ಒಂಬತ್ತಕ್ಕೂ ಏಳಕ್ಕೂ ನಡುವೆ ಮೇಷ್ಟರ ವ್ಯತ್ಯಾಸವೇ ಇಲ್ಲದಿರಬಹುದು. ರಾಜ್ಯದ ಶಿಕ್ಷಣ ಮಂಡಳಿ ಪ್ರಕಟಿಸುವ ಇಲಿನಾಯ್ ರಿಪೋರ್ಟ್ ಕಾರ್ಡ್ ನೋಡಿ. ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಬಿಟ್ಟು ಹೋಗದೆ ಉಳಿದಿದ್ದಾರೆ, ಎಷ್ಟು ಮಕ್ಕಳು ಪದೇ ಪದೇ ಗೈರು ಎಂಬುದೆಲ್ಲ ಅದರಲ್ಲಿದೆ. ಶಿಕ್ಷಕರು ಉಳಿಯುವ ಶಾಲೆಯನ್ನು ನಾನು ಅಂಕಕ್ಕಿಂತ ಹೆಚ್ಚು ನಂಬುತ್ತೇನೆ.

ನಗರದೊಳಗೆ ಶಾಲೆ ಸರಿಯಿಲ್ಲ ಎಂಬ ಮಾತು ಅರ್ಧ ಸತ್ಯ. ವಾಲ್ಟರ್ ಪೇಟನ್, ಜೋನ್ಸ್‌ನಂತಹ ಆಯ್ಕೆಯ ಹೈಸ್ಕೂಲುಗಳು ಇಡೀ ರಾಜ್ಯದಲ್ಲೇ ಮೇಲಿನ ಸಾಲಿನವು, ಅದೂ ಡೌನ್‌ಟೌನಿನ ಮಗ್ಗುಲಲ್ಲೇ ಇವೆ. ಆದರೆ ಅಲ್ಲಿ ಸೀಟು ಪಡೆಯಲು ಏಳನೆಯ ತರಗತಿಯ ಅಂಕ ಮತ್ತು ಪ್ರವೇಶ ಪರೀಕ್ಷೆ ಎರಡೂ ಬೇಕು. ಚಿಕ್ಕ ಮಕ್ಕಳಿಗಾದರೆ ಮನೆಯ ಬಳಿಯ ಶಾಲೆಯಲ್ಲಿ ಜಾಗ ಖಚಿತ. ಬೇರೆ ಕೆಲವು ಶಾಲೆಗಳಿಗೆ ಲಾಟರಿ ಎತ್ತುತ್ತಾರೆ, ಅದಕ್ಕೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಮೇ ತಿಂಗಳಲ್ಲಿ ವಿಮಾನ ಇಳಿದವರಿಗೆ ಈ ಬಸ್ಸು ಆಗಲೇ ಹೋಗಿರುತ್ತದೆ. ಮಗುವಿಗೆ ಐದು ತುಂಬಿಲ್ಲವೆಂದರೆ ಶಾಲೆಯ ಚಿಂತೆಯನ್ನೇ ಬಿಟ್ಟು ನಗರದಲ್ಲಿ ಎರಡು ವರ್ಷ ಇದ್ದು ನೋಡಿ ಎನ್ನುತ್ತೇನೆ. ಕಿಂಡರ್‌ಗಾರ್ಟನ್‌ಗೆ ಸೇರಲು ಸೆಪ್ಟೆಂಬರ್ 1ಕ್ಕೆ ಐದು ವರ್ಷ ತುಂಬಿರಬೇಕು.

ನಡುವೆ ಒಂದು ಮಾತು. ದಾಖಲಾತಿಯ ದಿನ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬ ಪ್ರಶ್ನೆಯ ಹಾಳೆ ಕೊಡುತ್ತಾರೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆಂದು ಹೆದರಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ಕನ್ನಡ ಎಂದೇ ಬರೆಯಿರಿ. ಮಗುವಿನ ಇಂಗ್ಲಿಷನ್ನು ಒಮ್ಮೆ ಪರೀಕ್ಷಿಸಿ, ಬೇಕಿದ್ದರೆ ನೆರವು ಕೊಡುತ್ತಾರೆ, ಅಷ್ಟೆ.

ಇನ್ನು ಯಾರೂ ಕೇಳದ ಪ್ರಶ್ನೆ. ವರಾಂಡದಲ್ಲಿ ಕೂತ ಗಂಡ ಅಪರಾಧ, ಶಾಲೆ, ಬಾಡಿಗೆ ಎಂದು ಒಂದು ಗಂಟೆ ಮಾತನಾಡುತ್ತಾನೆ, ಪಕ್ಕದಲ್ಲಿ ಕೂತ ಹೆಂಡತಿ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿರುತ್ತಾಳೆ. ಹಗಲೆಲ್ಲ ಆ ಮನೆಯಲ್ಲಿ ಇರುವವಳು ಅವಳು. ಗಂಡನ ಕೆಲಸದ ವೀಸಾದ ಬೆನ್ನಿಗೆ ಹೆಂಡತಿಗೆ ಸಿಗುವ ಎಚ್-4 ವೀಸಾದ ಮೇಲೆ ಹೋದವರಿಗೆ ದುಡಿಯುವ ಅನುಮತಿ ತಾನಾಗಿ ಬರುವುದಿಲ್ಲ. 2015ರಿಂದ ಕೆಲವರಿಗೆ ಸಿಗುತ್ತಿದೆಯಾದರೂ ಅದಕ್ಕೆ ಗಂಡನ ಗ್ರೀನ್ ಕಾರ್ಡಿನ ದಾರಿ ಒಂದು ಹಂತ ಮುಟ್ಟಿರಬೇಕು. ಉಪನಗರದಲ್ಲಿ ಕಾರು ಓಡಿಸಲು ಬಾರದಿದ್ದರೆ ಒಂದು ಲೀಟರ್ ಹಾಲಿಗೂ ಸಂಜೆಯವರೆಗೆ ಕಾಯಬೇಕು. ಬಿ.ಟೆಕ್ ಓದಿ, ಬೆಂಗಳೂರಿನಲ್ಲಿ ತಂಡ ನಡೆಸಿದ ಹೆಣ್ಣುಮಗಳು ಜನವರಿಯ ಹಿಮದಲ್ಲಿ ಕಿಟಕಿಯ ಬಳಿ ನಿಂತು ಕಾರಿನ ದಾರಿ ಕಾಯುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಅಪರಾಧದ ನಕ್ಷೆಯಲ್ಲಿ ಇದಕ್ಕೆ ಚುಕ್ಕೆ ಇಡುವುದಿಲ್ಲ. ಡೆವೊನ್ ಬಳಿ ನನಗೆ ಗಾಜು ಒಡೆದ ಕಾರಿತ್ತು, ಬಸ್ಸಿತ್ತು, ಗ್ರಂಥಾಲಯವಿತ್ತು, ತರಕಾರಿ ಅಂಗಡಿಯಲ್ಲಿ ಮಾತಿಗೆ ಸಿಗುವ ಹೈದರಾಬಾದಿನ ಮುದುಕಿಯಿದ್ದಳು. ನೇಪರ್‌ವಿಲ್‌ನ ಮೊದಲ ಚಳಿಗಾಲದಲ್ಲಿ ನನಗೆ ಇದ್ದದ್ದು ಮೂರು ಬಚ್ಚಲುಮನೆ.

ಹಾಗಾಗಿ ನಾನು ಸೂಚಿಸುವುದು ಇದು. ಮಗು ಶಾಲೆಗೆ ಹೋಗುವ ವಯಸ್ಸಿನದಾದರೆ ಉಪನಗರಕ್ಕೇ ಹೋಗಿ, ಆದರೆ ರೈಲು ನಿಲ್ದಾಣ, ಗ್ರಂಥಾಲಯ, ಅಂಗಡಿ ಮೂರೂ ನಡಿಗೆಯ ದೂರದಲ್ಲಿರುವ ಕಡೆ, ಒಂದು ವರ್ಷದ ಬಾಡಿಗೆಗೆ. ಗದ್ದೆ ಬಯಲಿನ ನಡುವಿನ ಹೊಸ ಬಡಾವಣೆಯ ದೊಡ್ಡ ಮನೆ ಆಮೇಲೆ ನೋಡೋಣ. ಹೊರಡುವ ಮುನ್ನವೇ ಹಾಸನದಲ್ಲಿ ಇಬ್ಬರೂ ಕಾರು ಕಲಿತು ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ಮತ್ತೆ ಪರೀಕ್ಷೆ ಕೊಡಬೇಕಾದರೂ ಕೈಗೆ ಧೈರ್ಯ ಬಂದಿರುತ್ತದೆ. ಮನೆಯನ್ನು ನೋಡಿ "ಇದು" ಎನ್ನುವ ಮಾತು ಹಗಲು ಅಲ್ಲಿ ಉಳಿಯುವವರ ಬಾಯಿಂದ ಬರಲಿ. ಸಂಗಾತಿ ಇಲ್ಲದೆ ಒಬ್ಬರೇ ಹೊರಟವರಿಗೆ ಈ ಪುರಾಣವೆಲ್ಲ ಬೇಡ, ಕಚೇರಿಗೆ ಹತ್ತಿರ ಎಲ್ಲಿಯಾದರೂ ಇರಿ.

ಮೊನ್ನೆ ಅರಕಲಗೂಡಿನಿಂದ ಬಂದಿದ್ದ ಜೋಡಿಗೆ ಇಷ್ಟನ್ನೂ ಹೇಳಿದೆ. ಗಂಡ ಬರೆದುಕೊಂಡ. ಹೆಂಡತಿ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದು ಬೇರೆ: "ಅಕ್ಕ, ರಾಗಿ ಹಿಟ್ಟು ಸಿಗುತ್ತದೆಯೇ?" ಸಿಗುತ್ತದೆ, ಡೆವೊನ್‌ನಲ್ಲೂ ಸಿಗುತ್ತದೆ, ನೇಪರ್‌ವಿಲ್‌ನಲ್ಲೂ ಸಿಗುತ್ತದೆ, ಕಾರಿನ ಹಿಂದಿನ ಸೀಟಿನಲ್ಲಿ ಮಾತ್ರ ಬಿಡಬೇಡಿ ಎಂದೆ.