ಟಿಪ್ಪು ಚರಿತ್ರೆ ಓದಲು ನಾನು ಹಿಡಿದ ದಾರಿ

ಟಿಪ್ಪು ಬಗ್ಗೆ ಪಕ್ಷಪಾತವಿಲ್ಲದ ಒಂದು ಪುಸ್ತಕ ಹೇಳಿ ಅಂತ ಕಂಡಕಂಡವರನ್ನೆಲ್ಲ ಕೇಳುತ್ತಿದ್ದ ಕಾಲವೊಂದಿತ್ತು. ಕೈಗೆ ಸಿಕ್ಕ ಮೊದಲ ಪುಸ್ತಕ ಓದಿ ಮುಗಿಸಿ ಮೈಸೂರು ಹುಲಿಯ ಗುಣಗಾನ ಮಾಡುತ್ತಾ ಕೂತಿದ್ದೆ. ಮಡಿಕೇರಿ ಕಡೆಯ ಗೆಳೆಯ, "ಅದರಲ್ಲಿ ಕೊಡಗಿಗೆ ಎಷ್ಟು ಪುಟ ಕೊಟ್ಟಿದ್ದಾರೆ, ನೋಡಿ ಹೇಳು ಮಾರಾಯ" ಅಂದ. ನೋಡಿದೆ. ಒಂದೇ ಪ್ಯಾರಾ, ಅದೂ ದಂಗೆ ಅಡಗಿಸಿದ ಎಂಬಲ್ಲಿಗೆ ಮುಗಿದಿತ್ತು. ಅವನೇ ಕೊಟ್ಟ ಇನ್ನೊಂದು ಪುಸ್ತಕದಲ್ಲಿ ಶೃಂಗೇರಿಯ ಹೆಸರೇ ಇರಲಿಲ್ಲ.

ಅಂದಿನಿಂದ ಈ ವಿಷಯದ ಪುಸ್ತಕಗಳನ್ನು ಹಿಂದಿನಿಂದ ಓದುತ್ತೇನೆ. ಪದಸೂಚಿ ತೆಗೆದು ಎರಡು ಕಡೆ ಮೊದಲು ನೋಡುವುದು. ಒಂದು, 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು. ಇನ್ನೊಂದು, 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠ ದೋಚಿದಾಗ ಶಾರದೆಯ ಮರುಪ್ರತಿಷ್ಠೆಗೆ ಟಿಪ್ಪು ನೆರವು ಕೊಟ್ಟದ್ದು. ಹೊಗಳುವವರು ಮೊದಲನೆಯದನ್ನು ನುಂಗುತ್ತಾರೆ, ತೆಗಳುವವರು ಎರಡನೆಯದನ್ನು. ಎರಡೂ ಇದ್ದರೆ ಮಾತ್ರ ಮನೆಗೆ ತರುತ್ತೇನೆ.

ಈ ಪರೀಕ್ಷೆಯಲ್ಲೂ ಒಮ್ಮೆ ಎಡವಿದೆ. ಟಿಪ್ಪು ಶೃಂಗೇರಿ ಮಠಕ್ಕೆ ಬರೆದ ಪತ್ರಗಳ ಸುದ್ದಿಯಿಲ್ಲ ಎಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್‌ನನ್ನು ಬದಿಗಿಟ್ಟಿದ್ದೆ. ಆಮೇಲೆ ಹೊಳೆಯಿತು: ಅವನ ಮೂರು ಸಂಪುಟ ಹೊರಬಂದದ್ದು 1810ರಿಂದ 1817ರೊಳಗೆ, ಆ ಸುಮಾರು 30 ಪತ್ರಗಳು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಿಗೆ ಮಠದಲ್ಲಿ ಸಿಕ್ಕಿದ್ದು 1916ರಲ್ಲಿ. ನೋಡದ್ದನ್ನು ಅವನು ಬರೆಯುವುದಾದರೂ ಹೇಗೆ? ಹಾಗಂತ ಅವನೇನು ತಟಸ್ಥನಲ್ಲ, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದವನು. ಈಗ ಮೊದಲು ನೋಡುವುದು ಪುಸ್ತಕದ ಇಸವಿ, ಆಮೇಲೆ ಪದಸೂಚಿ.

ಸಂಖ್ಯೆಗಳದ್ದು ಬೇರೆಯೇ ಗೋಳು. ಸೆರೆಯಾದ ಕ್ರೈಸ್ತರು ಒಂದು ಕಡೆ 30,000, ಇನ್ನೊಂದು ಕಡೆ 60,000, ಮತ್ತೊಂದು ಕಡೆ 80,000. ಲೆಕ್ಕ ಎಲ್ಲಿಂದ ಬಂತು ಅಂತ ಅಡಿಟಿಪ್ಪಣಿಯಲ್ಲಿ ಹೇಳದವರ ಸಂಖ್ಯೆಯನ್ನು ನಾನು ಬರೆದುಕೊಳ್ಳುವುದೇ ಇಲ್ಲ. 1951ರ ಮೊಹಿಬ್ಬುಲ್ ಹಸನ್ ಅವರ ಚರಿತ್ರೆಯಲ್ಲಿ ಟಿಪ್ಪು ಕಡೆಗಿನ ಒಲವು ಎದ್ದು ಕಾಣುತ್ತದೆ. ಆದರೂ ಅದು ನನ್ನ ಮೇಜಿನ ಮೇಲೇ ಇದೆ. ಅಡಿಟಿಪ್ಪಣಿ ಹಿಡಿದು ಹೋಗಿ ಅವರೊಂದಿಗೇ ಜಗಳ ಆಡಬಹುದಲ್ಲ!

ಹೆಚ್ಚು ದಿನ ಕಳೆದದ್ದು ಮಾತ್ರ ಟಿಪ್ಪುವಿನ ಪತ್ರಗಳ ಜೊತೆ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಫಾರ್ಸಿಯಿಂದ ಇಂಗ್ಲಿಷಿಗೆ ತಂದದ್ದು. ಆರಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ವೈರಿಪಾಳಯದವನು, ಮುನ್ನುಡಿಯಲ್ಲೇ ಸಿಟ್ಟಿದೆ. ಆದರೆ ಬಂಗಾಳದಿಂದ ಬರುವ ರೇಷ್ಮೆಹುಳು ಸಾಕುವ ಬಗ್ಗೆ ಕಾಳಜಿಯಿಂದ ಬರೆಸಿದ ಪತ್ರವೂ ಅದರಲ್ಲಿದೆ, ಓದಿದರೆ ಎದೆ ಝಲ್ಲೆನ್ನುವ ಆಜ್ಞೆಗಳೂ ಇವೆ. ನನಗೆ ಫಾರ್ಸಿ ಬಾರದು. ಹಾಗಾಗಿ ಆಜ್ಞೆಯ ಪತ್ರಗಳ ಪಕ್ಕದಲ್ಲೆಲ್ಲ ಪೆನ್ಸಿಲಿನಲ್ಲಿ "ಅನುವಾದ" ಅಂತ ಬರೆದಿಟ್ಟಿದ್ದೇನೆ. ಬಲ್ಲವರು ಸಿಕ್ಕಾಗ ಕೇಳಬೇಕು.