ಬಿಸಿಲು ಸೀಮೆಯಲ್ಲಿ ಆಲೂಗಡ್ಡೆ: ಅರ್ಧ ಎಕರೆಯಿಂದ ಖಾನಾವಳಿಯ ಬಾಗಿಲವರೆಗೆ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ಕೊಳವೆಬಾವಿ ಇರುವವರು ಹಿಂಗಾರಿಗೆ ಆಲೂಗಡ್ಡೆ ಹಾಕಿ ನೋಡೋಣವೆಂದು ಮುಂದಾಗುತ್ತಾರೆ, ಒಂದೇ ವರ್ಷಕ್ಕೆ ಕೈಬಿಟ್ಟು ‘ನಮ್ಮ ಬಿಸಿಲಿಗೆ ಇದು ಬರುವುದಿಲ್ಲ’ ಎನ್ನುತ್ತಾರೆ. ಆದರೆ ಅಂಥ ಹೊಲಗಳಲ್ಲಿ ಗಿಡ ಏಳದ ಜಾಗದ ಬೋದು (ಸಾಲಿನ ಮಣ್ಣಿನ ಏರು) ಕೆದರಿ ನೋಡಿದಾಗ ನಾನು ಕಂಡಿದ್ದು ಹೆಚ್ಚಾಗಿ ಒಂದೇ: ಮೊಳೆಯುವ ಮೊದಲೇ ಕೊಳೆತು ನೀರಾದ ಬಿತ್ತನೆ ಹೋಳು. ಬೆಳಿಗ್ಗೆ ಬದುವಿನ ಮೇಲೆ ಕುಳಿತು ಗಡ್ಡೆ ಕತ್ತರಿಸಿ, ಮಧ್ಯಾಹ್ನ ಹಸಿಯಾಗಿಯೇ ಕಾದ ಮಣ್ಣಿಗೆ ಹಾಕಿದ್ದರ ಫಲ ಅದು. ಆಲೂಗಡ್ಡೆಯಲ್ಲಿ ಒಟ್ಟು ಖರ್ಚಿನ ಅರ್ಧದ ಹತ್ತಿರ ಬೀಜಕ್ಕೇ ಹೋಗುತ್ತದೆ. ಬೀಜ ಕೊಳೆತರೆ ಮುಂದಿನ ಯಾವ ಗೊಬ್ಬರವೂ ಆ ನಷ್ಟ ತುಂಬುವುದಿಲ್ಲ.

ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಿ

ಬಿತ್ತುವ ಮೊದಲೇ ಊರಿನ ಸುತ್ತಲಿನ ಖಾನಾವಳಿ, ಹೋಟೆಲ್, ಹಾಸ್ಟೆಲ್ ಅಡುಗೆಮನೆಗಳಿಗೆ ಹೋಗಿ, ವಾರಕ್ಕೆ ಎಷ್ಟು ಚೀಲ ಬೇಕು, ಯಾವ ಗಾತ್ರದ್ದು ಬೇಕು ಎಂದು ಕೇಳಿ ಬರೆದುಕೊಳ್ಳಿ. ಎಕರೆಗೆ 60 ಕ್ವಿಂಟಲ್ ಇಳುವರಿ ಎಂದು ಹಿಡಿದರೂ ಅರ್ಧ ಎಕರೆಯಿಂದ 30 ಕ್ವಿಂಟಲ್ ಬರುತ್ತದೆ, ಅದರಲ್ಲಿ ಸಣ್ಣದು, ಗಾಯವಾದದ್ದು ಕಳೆದು ಉಳಿದದ್ದನ್ನು ಐದಾರು ವಾರಗಳಲ್ಲಿ ಮಾರಿ ಮುಗಿಸಬೇಕು. ಹೊಸಬರು ಅರ್ಧ ಎಕರೆಗಿಂತ ಹೆಚ್ಚು ಹಾಕಲೇಬಾರದು ಎಂಬುದು ನನ್ನ ಖಚಿತ ಸಲಹೆ. ಆ ಅರ್ಧ ಎಕರೆಯನ್ನೂ ಎರಡು ಭಾಗ ಮಾಡಿ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ನಾಟಿ ಮಾಡಿದರೆ ಪೂರೈಕೆ ಒಂದೇ ಸಲ ಬಂದು ಬೀಳುವುದಿಲ್ಲ.

ಕಾಲ ಮತ್ತು ತಳಿ

ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದಾಗ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಹಾಗಾಗಿ ಈ ಮೂರು ತಾಲ್ಲೂಕುಗಳಲ್ಲಿ ಅಕ್ಟೋಬರ್ ಎರಡನೇ ಪಕ್ಷದಿಂದ ನವೆಂಬರ್ ಮಧ್ಯದವರೆಗೆ ನಾಟಿ ಮುಗಿಯಬೇಕು. ಮೊದಲ ನಾಟಿಗೆ ನಾನು ಆರಿಸುವುದು ಕುಫ್ರಿ ಸೂರ್ಯ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 2006ರಲ್ಲಿ ಬಿಡುಗಡೆ ಮಾಡಿದ ಈ ತಳಿ ಬಿಸಿಯನ್ನು ತಡೆಯುತ್ತದೆ. ಎರಡನೆಯದಕ್ಕೆ ಕುಫ್ರಿ ಜ್ಯೋತಿ ನಡೆಯುತ್ತದೆ. ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ಕಾಲುವೆ ಕೆಳಗಿನ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ಈ ಪ್ರಯತ್ನವೇ ಬೇಡ.

ಬೀಜ: ಇಲ್ಲಿ ಅವಸರ ಬೇಡ

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ತಿನ್ನುವ ಆಲೂಗಡ್ಡೆಯನ್ನು ಬೀಜವಾಗಿ ಬಳಸುವುದು ಅತ್ಯಂತ ಕೆಟ್ಟ ಅಡ್ಡದಾರಿ. ಶೀತಲಗೃಹದಲ್ಲಿಡುವ ತಿನ್ನುವ ಗಡ್ಡೆಗೆ ಮೊಳಕೆ ಬರದಂತೆ ಔಷಧಿ ಹಾಕಿರುವುದುಂಟು. ಅದು ಮಣ್ಣಿನಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತದೆ. ಹೊಸದಾಗಿ ಕಿತ್ತ ಗಡ್ಡೆಯೂ ಎರಡು ತಿಂಗಳಷ್ಟು ಕಾಲ ಸುಪ್ತಾವಸ್ಥೆಯಲ್ಲಿರುವುದರಿಂದ ಮೊಳೆಯುವುದಿಲ್ಲ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಎಕರೆಗೆ 10ರಿಂದ 12 ಕ್ವಿಂಟಲ್ ಬೇಕಾಗುತ್ತದೆ. ಐದಾರು ರೈತರು ಸೇರಿ ಹುಬ್ಬಳ್ಳಿ ಅಥವಾ ಬೆಳಗಾವಿ ಕಡೆಯ ಶೀತಲಗೃಹದಿಂದ ಒಂದೇ ಗಾಡಿಯಲ್ಲಿ ತರಿಸಿದರೆ ಸಾಗಾಣಿಕೆ ಹಗುರವಾಗುತ್ತದೆ.

ಶೀತಲಗೃಹದಲ್ಲಿ 2ರಿಂದ 4 ಡಿಗ್ರಿಯಲ್ಲಿದ್ದ ಗಡ್ಡೆ ಹೊರಗೆ ಬಂದ ಕೂಡಲೇ ಬೆವರುತ್ತದೆ. ಆ ತೇವದಲ್ಲಿ ಚೀಲಗಳನ್ನು ಒಂದರ ಮೇಲೊಂದು ಒಟ್ಟಿಟ್ಟರೆ ಒಳಗೆ ಕಾವು ಹುಟ್ಟಿ ಎರಡೇ ದಿನದಲ್ಲಿ ವಾಸನೆ ಬರುತ್ತದೆ. ಬಂದ ದಿನವೇ ಎಲ್ಲ ಚೀಲ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ, ನೇರ ಬಿಸಿಲು ಬೀಳದ ಆದರೆ ಬೆಳಕಿರುವ ಜಾಗದಲ್ಲಿ, ಒಂದೆರಡು ಪದರಕ್ಕಿಂತ ದಪ್ಪವಾಗದಂತೆ ಹರಡಿ. ಮೆತ್ತಗಾದದ್ದನ್ನು ದಿನಾ ಆರಿಸಿ ತೆಗೆಯಿರಿ. ಹತ್ತರಿಂದ ಹದಿನೈದು ದಿನಗಳಲ್ಲಿ ಕಣ್ಣುಗಳಿಂದ ಒಂದು ಸೆಂಟಿಮೀಟರಿನಷ್ಟು ಗಿಡ್ಡ, ದಪ್ಪ, ಹಸಿರು ನೇರಳೆ ಬಣ್ಣದ ಮೊಳಕೆ ಏಳುತ್ತದೆ. ಕತ್ತಲೆ ಕೋಣೆಯಲ್ಲಿಟ್ಟ ಗಡ್ಡೆಗೆ ಬರುವ ಉದ್ದನೆಯ ಬಿಳಿ ಮೊಳಕೆ ನಾಟಿಯ ಹೊತ್ತಿಗೆ ಮುರಿದುಹೋಗುತ್ತದೆ, ಅದು ಉಪಯೋಗವಿಲ್ಲ.

40ರಿಂದ 50 ಗ್ರಾಂ ತೂಗುವ ಸಣ್ಣ ಗಡ್ಡೆ ಸಿಕ್ಕರೆ ಇಡಿಯಾಗಿಯೇ ನಾಟಿ ಮಾಡಿ. ಬೆಲೆ ಸ್ವಲ್ಪ ಹೆಚ್ಚಾದರೂ ನಮ್ಮ ಬಿಸಿಲಿಗೆ ಇಡಿ ಗಡ್ಡೆಯೇ ಸರಿ ಎಂಬ ಅಭಿಪ್ರಾಯವನ್ನು ನಾನು ಯಾರ ಮಾತಿಗೂ ಬದಲಿಸುವುದಿಲ್ಲ. ದೊಡ್ಡದನ್ನು ಕತ್ತರಿಸಲೇಬೇಕಾದರೆ, ಕಣ್ಣುಗಳು ಗುಂಪಾಗಿರುವ ತುದಿಯಿಂದ ತೊಟ್ಟಿನ ಕಡೆಗೆ ಉದ್ದಕ್ಕೆ ಸೀಳಿ. ಅಡ್ಡ ಕತ್ತರಿಸಿದರೆ ತೊಟ್ಟಿನ ಕಡೆಯ ಹೋಳಿಗೆ ಬಲವಾದ ಕಣ್ಣು ಸಿಗುವುದಿಲ್ಲ. ಪ್ರತಿ ಹೋಳಿನಲ್ಲಿ ಕನಿಷ್ಠ ಎರಡು ಕಣ್ಣು ಮತ್ತು 35 ಗ್ರಾಂ ತೂಕವಾದರೂ ಇರಬೇಕು. ಕತ್ತರಿಸಿದ ಮುಖದಲ್ಲಿ ಕಂದು ಬಳೆ ಕಂಡು, ಒತ್ತಿದಾಗ ಅದರಿಂದ ಹಾಲಿನಂಥ ಅಂಟು ಒಸರಿದರೆ ಅದು ದುಂಡಾಣು ಸೊರಗು ರೋಗ. ಆ ಗಡ್ಡೆಯನ್ನು ಹೊಲದಿಂದ ದೂರ ಹೂಳಿ, ಚಾಕುವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸದೆ ಮುಂದಿನ ಗಡ್ಡೆ ಮುಟ್ಟಬೇಡಿ. ಎರಡು ಚಾಕು ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ.

ಕತ್ತರಿಸಿದ ಹೋಳುಗಳನ್ನು ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಕಲಸಿದ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಕೈಗವಸು ಹಾಕಿಕೊಂಡೇ ತೆಗೆಯಿರಿ. ನೆರಳಿನಲ್ಲಿ ಗೋಣಿಚೀಲದ ಮೇಲೆ ಒಂದೇ ಪದರದಲ್ಲಿ ಹರಡಿ, ಸುತ್ತ ಒದ್ದೆ ಗೋಣಿ ತೂಗುಬಿಟ್ಟರೆ ಗಾಳಿ ತಂಪಾಗಿರುತ್ತದೆ. ಎರಡು ಮೂರು ದಿನಗಳಲ್ಲಿ ಕತ್ತರಿಸಿದ ಮುಖದ ಮೇಲೆ ತೆಳು ಪೊರೆ ಕಟ್ಟುತ್ತದೆ. ಬೆರಳಿಂದ ಸವರಿದಾಗ ಅಂಟದೆ ಒಣ ತೊಗಲಿನಂತೆ ಒರಟಾಗಿ ತಾಗಿದರೆ ಮಾತ್ರ ಹೊಲಕ್ಕೆ ಒಯ್ಯಿರಿ. ಬಿಸಿಲಿನಲ್ಲಿ ಒಣಗಿಸಿ ಒಂದೇ ದಿನಕ್ಕೆ ಮುಗಿಸುವವರಿದ್ದಾರೆ; ಆಗ ಪೊರೆ ಕಟ್ಟುವುದಿಲ್ಲ, ಮೇಲ್ಮೈ ಸುಕ್ಕುಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮೊಳಕೆ ಬೇಗ ಬರಿಸುತ್ತದೆಂದು ಚೀಟಿಯಿಲ್ಲದ ಬಾಟಲಿಯಲ್ಲಿ ಮಾರುವ ‘ಟಾನಿಕ್’ಗೆ ಹಣ ಹಾಕಬೇಡಿ.

ನಾಟಿಯಿಂದ ಕೀಳುವವರೆಗೆ

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಮಣ್ಣು ಪರೀಕ್ಷೆಯ ಚೀಟಿಯಂತೆ ರಸಗೊಬ್ಬರ ಕೊಟ್ಟು, 60 ಸೆಂಟಿಮೀಟರ್ ಅಂತರದ ಬೋದುಗಳಲ್ಲಿ 20 ಸೆಂಟಿಮೀಟರಿಗೊಂದರಂತೆ ಸಂಜೆಯ ತಂಪಿನಲ್ಲಿ ನಾಟಿ ಮಾಡಿ. ನೀರು ಹನಿಯಲ್ಲೇ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಬುಡಕ್ಕೆ ಮಣ್ಣೇರಿಸಿ, ಅದರ ಮೇಲೆ ಭತ್ತದ ಹುಲ್ಲು ಹೊದಿಸಿ. ಗಂಗಾವತಿ ಕಡೆ ಗದ್ದೆಯಲ್ಲೇ ಸುಟ್ಟುಹೋಗುವ ಹುಲ್ಲು ಇಲ್ಲಿ ಮಣ್ಣನ್ನು ತಂಪಾಗಿಟ್ಟು, ನೀರು ಉಳಿಸಿ, ಗಡ್ಡೆಗೆ ಬೆಳಕು ತಾಗದಂತೆ ಕಾಯುತ್ತದೆ. ಬೋದಿನಲ್ಲಿ ಬಿರುಕು ಬಿಟ್ಟರೆ ಗಡ್ಡೆ ಕೊರೆಯುವ ಪತಂಗ ಒಳಗಿಳಿಯುತ್ತದೆ, ಕೂಡಲೇ ಮುಚ್ಚಿ. ಮೋಡ ಕವಿದು ಎಲೆಗಳಲ್ಲಿ ಚುಕ್ಕೆ ಕಂಡರೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಎಲೆ ತೋರಿಸಿದ ಮೇಲೆಯೇ ಔಷಧಿ ಹೊಡೆಯಿರಿ.

ಕೀಳುವುದಕ್ಕೆ ಹತ್ತು ಹನ್ನೆರಡು ದಿನ ಮೊದಲು ನೀರು ನಿಲ್ಲಿಸಿ, ಗಿಡದ ಮೇಲ್ಭಾಗ ಕೊಯ್ದು ತೆಗೆದರೆ ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಿಂದ ಉಜ್ಜಿದಾಗ ಸಿಪ್ಪೆ ಸುಲಿಯಬಾರದು. ಕಿತ್ತ ರಾಶಿಯ ಮೇಲೆ ಅದೇ ಒಣ ಗಿಡ ಹೊದಿಸುವ ರೂಢಿಯನ್ನು ಬಿಟ್ಟುಬಿಡಿ, ಅದರೊಳಗಿನ ಪತಂಗದ ಹುಳು ಅದೇ ರಾತ್ರಿ ಗಡ್ಡೆಗೆ ಇಳಿಯುತ್ತದೆ.

ಪೂರೈಕೆ

ತೊಳೆಯಬೇಡಿ. ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ರಾಶಿ ಮಾಡಿ, 50 ಕಿಲೋ ಗೋಣಿಚೀಲದಲ್ಲಿ ತುಂಬಿ. ಬಲೆ ಚೀಲದಲ್ಲಿ ಬೆಳಕು ತಾಗಿ ಗಡ್ಡೆ ಹಸಿರಾಗುತ್ತದೆ, ಹಸಿರು ಭಾಗ ತಿನ್ನಲು ಯೋಗ್ಯವಲ್ಲ. ಬೆಲೆಯನ್ನು ಹುಬ್ಬಳ್ಳಿ ಎಪಿಎಂಸಿಯ ಆ ವಾರದ ದರಕ್ಕೆ ಸಾಗಾಣಿಕೆ ಸೇರಿಸಿ ಗೊತ್ತುಮಾಡಿ, ಲೆಕ್ಕವನ್ನು ಪ್ರತಿ ವಾರ ಚುಕ್ತಾ ಮಾಡಿಸಿಕೊಳ್ಳಿ. ತಿಂಗಳ ಉದ್ರಿಗೆ ಒಪ್ಪಿದರೆ ಮುಂದಿನ ಬೀಜಕ್ಕೆ ಕೈಯಲ್ಲಿ ದುಡ್ಡಿರುವುದಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಹೊಸ ಬೆಳೆ ಮಾರುಕಟ್ಟೆಗೆ ಇಳಿದಾಗ ದರ ಬೀಳುತ್ತದೆ, ಅಷ್ಟರಲ್ಲೇ ನಮ್ಮ ಬಿಸಿಲೂ ಏರತೊಡಗುತ್ತದೆ. ಹೆಚ್ಚಿನ ಬೆಲೆಗೆ ಕಾದು ಮನೆಯಲ್ಲಿ ಕೂಡಿಡುವ ಆಸೆ ಬೇಡ. ಸ್ವಂತ ಬೆಳೆಯನ್ನು ಮುಂದಿನ ಅಕ್ಟೋಬರಿಗೆ ಬೀಜವಾಗಿ ಉಳಿಸುವುದೂ ಬೇಡ, ಗಿಡಹೇನು ಹರಡುವ ನಂಜುರೋಗ ವರ್ಷದಿಂದ ವರ್ಷಕ್ಕೆ ಅದರಲ್ಲಿ ಕೂಡುತ್ತಾ ಹೋಗುತ್ತದೆ.

ಗಡ್ಡೆ ಎತ್ತಿದ ಹೊಲದಲ್ಲಿ ಉಳಿದ ಚೂರುಗಳು ಮತ್ತೆ ಮೊಳೆತರೆ ಕಿತ್ತು ಹಾಕಿ. ಆ ತುಂಡಿನಲ್ಲಿ ಮೂರು ವರ್ಷ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಯಾವುದನ್ನೂ ಹಾಕದೆ, ಜೋಳ ಅಥವಾ ಮೆಕ್ಕೆಜೋಳ, ಅದರ ಹಿಂದೆ ಹೆಸರು ಬಿತ್ತಿ. ಮುಂದಿನ ಹಿಂಗಾರಿನ ಆಲೂಗಡ್ಡೆಗೆ ಬೇರೆ ಅರ್ಧ ಎಕರೆಯನ್ನು ಈಗಲೇ ಗುರುತು ಮಾಡಿಡಿ.